'ಬದುಕಿಗೊಂದು ಉದ್ದೇಶ ಬೇಕು' ಎಂದು ಬರುವವರ ಜೊತೆ ಲೈಫ್ ಕೋಚ್ ಹೇಗೆ ಕೆಲಸ ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಕೋಚಿಂಗ್ ತರಬೇತಿ ಮುಗಿಸಿ ಈಗಷ್ಟೇ ಕೆಲಸ ಶುರು ಮಾಡಿದ್ದೀರಿ. ಬರುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿರುವ, ಮೂವತ್ತು ದಾಟಿದವರು. ಮೊದಲ ಸೆಷನ್ ಚೆನ್ನಾಗಿಯೇ ಆಗುತ್ತದೆ, ಎರಡನೆಯದರಿಂದ ಮಾತು ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಎಲ್ಲಿ ತಪ್ಪುತ್ತಿದೆ?

ಅವರು ಹೊತ್ತು ತಂದ ಪ್ರಶ್ನೆಯನ್ನೇ ನೀವು ತಿರುಗಿ ಅವರಿಗೆ ಕೇಳುತ್ತಿದ್ದೀರಿ, ಅಲ್ಲಿ ತಪ್ಪುತ್ತಿದೆ. 'ನಿಮ್ಮ ಬದುಕಿನ ಉದ್ದೇಶ ಏನು?' ಎಂಬುದಕ್ಕೆ ಉತ್ತರ ಗೊತ್ತಿದ್ದರೆ ಅವರು ನಿಮ್ಮ ಬಳಿ ಬರುತ್ತಲೇ ಇರಲಿಲ್ಲ. ಉದ್ದೇಶ ಕೂತು ಯೋಚಿಸಿದರೆ ಹೊಳೆಯುವುದು ಬಹಳ ಅಪರೂಪ. ಈವರೆಗೆ ಮಾಡಿದ ಕೆಲಸಗಳಲ್ಲಿ ಅದರ ಜಾಡು ಇರುತ್ತದೆ. ಆ ಜಾಡು ಹಿಡಿದು ಸಣ್ಣದೇನನ್ನೋ ಮಾಡಿ ನೋಡಿದಾಗಲೇ ಅದು ತನ್ನದು ಹೌದೋ ಅಲ್ಲವೋ ತಿಳಿಯುತ್ತದೆ. ಅಷ್ಟು ದೊಡ್ಡ ಪ್ರಶ್ನೆಯನ್ನು ಎರಡು ವಾರದಲ್ಲಿ ಮಾಡಿ ಮುಗಿಸಬಹುದಾದ ಕೆಲಸದ ಅಳತೆಗೆ ಇಳಿಸಿಕೊಡುವುದು ನಮ್ಮ ಪಾಲಿನ ಕೆಲಸ.

ಅದಕ್ಕೂ ಮೊದಲು ಬಾಗಿಲಲ್ಲೇ ನೋಡಬೇಕಾದ್ದೊಂದಿದೆ. ಹಣ ಪಡೆಯದೆ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿ, ಇವರಿಗೆ ಬೇಕಿರುವುದು ಕೋಚಿಂಗ್ ಹೌದೇ ಎಂದು ತಿಳಿದುಕೊಳ್ಳಿ. ನಿದ್ದೆ ಹೇಗಿದೆ, ಊಟ ಸೇರುತ್ತಿದೆಯೇ, ಮೊದಲು ಖುಷಿ ಕೊಡುತ್ತಿದ್ದ ಸಂಗತಿಗಳು ಈಗಲೂ ಕೊಡುತ್ತಿವೆಯೇ ಎಂದು ಕೇಳಿ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದೆ, ಯಾವುದರಲ್ಲೂ ರುಚಿ ಉಳಿದಿಲ್ಲ ಎಂದರೆ ಅದು ಖಿನ್ನತೆ ಇರಬಹುದು. ಅವರನ್ನು ನೋಡಬೇಕಾದವರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ ಅದನ್ನು ವೇದಾಂತ ಎಂದುಕೊಂಡು ಮುಂದೆ ಹೋಗಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಹೌದೆಂದರೆ ಕೋಚಿಂಗ್ ಮಾತು ಅಲ್ಲಿಗೇ ನಿಲ್ಲಬೇಕು, ಅವರ ಮನೆಯವರೊಬ್ಬರು ಜೊತೆಗೆ ಬರುವವರೆಗೂ ನೀವು ಫೋನ್ ಇಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದಿನದ 24 ಗಂಟೆ, ಉಚಿತವಾಗಿ, ಕನ್ನಡದಲ್ಲೂ ಮಾತಾಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಲೈಫ್ ಕೋಚ್ ಎಂದು ಬೋರ್ಡು ಹಾಕಲು ನಮ್ಮ ದೇಶದಲ್ಲಿ ಯಾರ ಅನುಮತಿಯೂ ಬೇಡ. ಹಾಗಾಗಿ ಈ ಗೆರೆಯನ್ನು ಎಳೆದುಕೊಳ್ಳಬೇಕಾದವರು ನಾವೇ.

ಇನ್ನೊಂದು ಗುಂಪಿನವರು ಬರೀ ದಣಿದವರು. ರಾತ್ರಿ ಅಮೆರಿಕದ ಕಾಲ್, ಬೆಳಿಗ್ಗೆ ಮಗುವಿನ ಸ್ಕೂಲ್ ಬಸ್ಸು, ನಡುವೆ ಐದು ಗಂಟೆ ನಿದ್ದೆ. ಇವರೂ 'ಉದ್ದೇಶ ಇಲ್ಲ' ಎನ್ನುತ್ತಾರೆ. ಮೊದಲು ಹತ್ತು ದಿನ ರಜೆ, ಏಳು ಗಂಟೆ ನಿದ್ದೆ, ಆಮೇಲೆ ಸೆಷನ್ ಎಂದು ಹೇಳಿ ಕಳಿಸಿ. ಕೆಲವರು ಮರಳಿ ಬರುವುದಿಲ್ಲ. ಅವರಿಗೆ ಬೇಕಾಗಿದ್ದು ಸಿಕ್ಕಿತು ಎಂದುಕೊಳ್ಳಿ.

ಉಳಿದವರಿಗೆ ಹನ್ನೆರಡು ವಾರ, ಎರಡು ವಾರಕ್ಕೊಂದರಂತೆ ಆರು ಸೆಷನ್, ಒಂದೊಂದು ಅರವತ್ತು ನಿಮಿಷ. ವಾರಕ್ಕೊಂದು ಇಟ್ಟರೆ ನಡುವೆ ಏನನ್ನಾದರೂ ಮಾಡಿ ನೋಡಲು ಪುರುಸೊತ್ತು ಸಿಗದೆ ಬರೀ ಮಾತೇ ಉಳಿಯುತ್ತದೆ. ಶುಲ್ಕ, ಸೆಷನ್ ತಪ್ಪಿಸಿದರೆ ಏನು, ಗುಟ್ಟು ಕಾಯುವುದು, ಜೀವಕ್ಕೆ ಅಪಾಯವಿದ್ದರೆ ಮಾತ್ರ ಆ ಗುಟ್ಟು ಮುರಿಯುವುದು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. 'ಉದ್ದೇಶ ಹುಡುಕಿಕೊಡುತ್ತೇನೆ' ಎಂದು ಮಾತ್ರ ಎಲ್ಲಿಯೂ ಬರೆಯಬೇಡಿ.

ಮೊದಲ ಸೆಷನ್ನಿನ ಕೊನೆಗೆ ಹದಿನಾಲ್ಕು ದಿನದ ದಿನಚರಿ ಕೊಡಿ. ರಾತ್ರಿ ಐದೇ ನಿಮಿಷ, ಆ ದಿನದ ಮೂರು ಕೆಲಸ. ಏನು ಮಾಡಿದೆ, ಯಾರಿಗಾಗಿ ಮಾಡಿದೆ, ಮುಗಿದ ಮೇಲೆ ಮೈಮನಸ್ಸು ಏರಿತೋ ಇಳಿಯಿತೋ ಎಂಬುದಕ್ಕೆ ಮೈನಸ್ ಎರಡರಿಂದ ಪ್ಲಸ್ ಎರಡರವರೆಗೆ ಒಂದು ಅಂಕಿ. ಹತ್ತು ದಿನವಾದರೂ ಬರೆದಿರಬೇಕು, ಇಲ್ಲದಿದ್ದರೆ ಎರಡನೇ ಸೆಷನ್ ಮುಂದಕ್ಕೆ ಹಾಕಿ. ಇಲ್ಲಿ ಎಲ್ಲರೂ ಮಾಡುವ ತಪ್ಪು, 'ಮೀಟಿಂಗ್: ಮೈನಸ್ ಒಂದು' ಎಂದು ಬರೆದು ಬಿಡುವುದು. ಅದರಿಂದ ಏನೂ ತಿಳಿಯದು. ಆ ಮೀಟಿಂಗಿನಲ್ಲಿ ನೀವು ಏನು ಮಾಡಿದಿರಿ? ವಿವರಿಸಿದಿರಾ, ಇಬ್ಬರ ಜಗಳ ಬಿಡಿಸಿದಿರಾ, ತಪ್ಪು ಲೆಕ್ಕ ಹಿಡಿದಿರಾ, ಸುಮ್ಮನೆ ತಲೆಯಾಡಿಸಿದಿರಾ? ಕ್ರಿಯಾಪದ ಸಿಗುವವರೆಗೂ ಕೆದಕಬೇಕು.

ಎರಡನೇ ಸೆಷನ್ನಿನಲ್ಲಿ ಹಿಂದಕ್ಕೆ ಹೋಗಿ. ಹತ್ತು ವರ್ಷ ವಯಸ್ಸಿನಿಂದ ಈಚೆಗೆ, ಯಾರೂ ಒತ್ತಾಯ ಮಾಡದೆ, ಮನಸ್ಸಿಟ್ಟು ಚೆನ್ನಾಗಿ ಮಾಡಿದ ಎಂಟು ಸಂಗತಿ ಹೇಳಲಿ. ಎಂಟಕ್ಕೆ ಕಡಿಮೆ ಒಪ್ಪಬೇಡಿ. ಮೊದಲ ಮೂರ್ನಾಲ್ಕು ರ‍್ಯಾಂಕು, ಬಹುಮಾನ, ಪ್ರಮೋಷನ್ ಆಗಿರುತ್ತವೆ. ನಾವು ನಮ್ಮ ಬಗ್ಗೆ ಹೇಳಿಕೊಳ್ಳಲು ಕಲಿತದ್ದೇ ಅವನ್ನು. ಐದನೆಯದರ ಆಚೆಗೆ ನಿಜವಾದವು ಹೊರಬರುತ್ತವೆ: ಅಕ್ಕನ ಮದುವೆಯಲ್ಲಿ ಉಗ್ರಾಣ ನೋಡಿಕೊಂಡದ್ದು, ಹಾಸ್ಟೆಲಿನಲ್ಲಿ ಜೂನಿಯರ್‌ಗಳಿಗೆ ಗಣಿತ ಹೇಳಿಕೊಟ್ಟದ್ದು, ಕೆಟ್ಟ ರೇಡಿಯೋ ಬಿಚ್ಚಿ ಜೋಡಿಸಿದ್ದು. ಪ್ರತಿಯೊಂದರಲ್ಲೂ ಕ್ರಿಯಾಪದಕ್ಕೂ ಅದರಿಂದ ಯಾರಿಗೆ ಅನುಕೂಲವಾಯಿತು ಎಂಬುದಕ್ಕೂ ಅಡಿಗೆರೆ ಹಾಕಿಸಿ. ಬೇರೆ ಬೇರೆ ವಯಸ್ಸಿನಲ್ಲಿ ಮೂರು ಸಲ ಕಾಣಿಸಿಕೊಂಡ ಕ್ರಿಯಾಪದವನ್ನು ದಿನಚರಿಯ ಪ್ಲಸ್ ಅಂಕಿಗಳ ಪಕ್ಕ ಇಟ್ಟು ನೋಡಿ.

ಭಾಷೆಯ ವಿಷಯ ಇಲ್ಲೇ ಹೇಳಬೇಕು. ಇಂಗ್ಲಿಷಿನಲ್ಲಿ ಕೇಳಿದರೆ ಇವರಿಂದ ಬರುವುದು ಇಂಟರ್‌ವ್ಯೂನಲ್ಲಿ ಹೇಳುವಂಥ ವಾಕ್ಯಗಳು: ಇಂಪ್ಯಾಕ್ಟ್, ಪ್ಯಾಶನ್, ಲೀಡರ್‌ಶಿಪ್. ಮನೆಯಲ್ಲಿ ಜಗಳವಾಡುವ ಭಾಷೆಯಲ್ಲಿ, ತುಳುವಾಗಲಿ, ಕೊಂಕಣಿಯಾಗಲಿ, ಧಾರವಾಡದ ಕನ್ನಡವಾಗಲಿ, ಅದೇ ಮಾತನ್ನು ಮತ್ತೊಮ್ಮೆ ಹೇಳಿಸಿ. 'ಯಾರಾದ್ರೂ ನನ್ನ ಮಾತು ಕೇಳ್ಬೇಕು' ಎಂಬಂಥದ್ದು ಆಗ ಬರುತ್ತದೆ. ಹಿಡಿದು ಮುಂದೆ ಹೋಗಲು ಅದು ಸಾಕು. ಹಾಗೆಯೇ 'ಯಾಕೆ' ಎಂಬ ಪದವನ್ನು ಆದಷ್ಟು ಬಿಡಿ. 'ಯಾಕೆ ಕೆಲಸ ಬಿಟ್ರಿ?' ಎನ್ನುವುದು ನಮ್ಮ ಕಿವಿಗೆ ದೊಡ್ಡವರ ಗದರಿಕೆಯ ಹಾಗೆ ಕೇಳುತ್ತದೆ, ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. 'ಏನಾದಾಗ ಬಿಡೋಣ ಅನ್ನಿಸ್ತು?' ಎಂದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ.

ಮೂರನೆಯದಕ್ಕೆ ಮೌಲ್ಯಗಳ ಕಾರ್ಡು, ಒಂದೊಂದರ ಮೇಲೂ ಒಂದೊಂದು ಮೌಲ್ಯದ ಹೆಸರು ಬರೆದದ್ದು. 2001ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್ ಮತ್ತು ಜೊತೆಗಾರರು ಮಾಡಿದ 83 ಕಾರ್ಡುಗಳ ಕಟ್ಟು ಹೆಸರಾಗಿದೆ, ಆದರೆ ನಮ್ಮವರಿಗೆ ನಲವತ್ತು ಸಾಕು, ಅದನ್ನು ನೀವೇ ಕನ್ನಡದಲ್ಲಿ ಬರೆದುಕೊಳ್ಳಿ. ನೆಮ್ಮದಿ, ಸ್ವಾತಂತ್ರ್ಯ, ಹೆಸರು, ಕಲಿಕೆ ಇವುಗಳ ಜೊತೆಗೆ ಋಣ ತೀರಿಸುವುದು, ಮನೆತನದ ಮರ್ಯಾದೆ, ಹುಟ್ಟಿದೂರು, ದಾಸೋಹ ಇವೂ ಇರಲಿ. ಇವು ಇಲ್ಲದ ಪಟ್ಟಿಯಲ್ಲಿ ಜನ ತಮ್ಮದಲ್ಲದ್ದನ್ನು ಆರಿಸಿಕೊಳ್ಳುತ್ತಾರೆ. 'ನಾಲ್ಕು ಜನ ಏನಂತಾರೆ' ಎಂಬ ಅಳುಕನ್ನೂ ಕೋಚ್ ಕೀಳಾಗಿ ಕಾಣಬಾರದು, ಕೂಡಿ ಬಾಳುವ ಆಸೆ ಅದರೊಳಗಿದೆ. ನಲವತ್ತನ್ನು ಹತ್ತಕ್ಕೆ, ಹತ್ತನ್ನು ಐದಕ್ಕೆ ಇಳಿಸಿ. ಆಮೇಲೆ ಕಳೆದ ತಿಂಗಳ ಕ್ಯಾಲೆಂಡರು, ಯುಪಿಐ ಖರ್ಚಿನ ಪಟ್ಟಿ ಎರಡನ್ನೂ ಅವರೇ ತೆರೆದು, ಈ ಐದು ಅಲ್ಲಿ ಎಲ್ಲಿವೆ ಎಂದು ತೋರಿಸಲಿ. ಆರೋಗ್ಯವನ್ನು ಮೊದಲ ಸ್ಥಾನದಲ್ಲಿಟ್ಟವರ ತಿಂಗಳಲ್ಲಿ ಅದಕ್ಕೆ ಒಂದು ಗಂಟೆಯೂ ಇರುವುದಿಲ್ಲ. ನಾಚಿಕೆಪಡಿಸಲು ಇದನ್ನು ಮಾಡಿಸುವುದಲ್ಲ. ಈ ಅಂತರವನ್ನೇ ಅವರು 'ಏನೋ ಇಲ್ಲ' ಎಂದು ಕರೆಯುತ್ತಿರುವುದು ಎಷ್ಟೋ ಸಲ.

ನಾಲ್ಕು ವೃತ್ತಗಳ ಇಕಿಗೈ ಚಿತ್ರವನ್ನು ನಾನು ಬಳಸುವುದಿಲ್ಲ. ಇಕಿಗೈ ಎಂದರೆ ಜಪಾನೀ ಭಾಷೆಯಲ್ಲಿ ಬದುಕಬೇಕು ಅನ್ನಿಸುವಂಥದ್ದು. ಜಪಾನಿನ ಪುರಾತನ ಜ್ಞಾನ ಎಂದು ತರಬೇತಿಗಳಲ್ಲಿ ಹೇಳುತ್ತಾರೆ; ಆದರೆ ಮೊದಲೇ ಇದ್ದ ಒಂದು ವೃತ್ತಚಿತ್ರದ ನಡುವೆ ಆ ಪದವನ್ನು ಇಟ್ಟವರು ಮಾರ್ಕ್ ವಿನ್, 2014ರಲ್ಲಿ, ತಮ್ಮ ಬ್ಲಾಗಿನಲ್ಲಿ. ಜಪಾನಿಗರ ಬಳಕೆಯಲ್ಲಿ ಇಕಿಗೈ ಮೊಮ್ಮಗುವೂ ಆಗಬಹುದು, ಹಿತ್ತಲ ಗಿಡವೂ ಆಗಬಹುದು. ಚಿತ್ರ ಮಾತ್ರ ಪ್ರೀತಿ, ಪರಿಣತಿ, ಜಗತ್ತಿನ ಅಗತ್ಯ, ಸಂಬಳ ನಾಲ್ಕೂ ಒಂದೇ ಕಡೆ ಸಿಗಬೇಕೆಂದು ಹಟ ಹಿಡಿಯುತ್ತದೆ, ಹಾಗೆ ಸಿಗದವರು ತಮ್ಮಲ್ಲೇ ಕೊರತೆ ಇದೆ ಎಂದುಕೊಂಡು ಎದ್ದು ಹೋಗುತ್ತಾರೆ.

ನಾಲ್ಕನೇ ಸೆಷನ್ನಿನಲ್ಲಿ ಒಂದು ವಾಕ್ಯ ಬರೆಸಿ: ಯಾರಿಗೆ, ಏನು, ಯಾವ ರೀತಿಯಲ್ಲಿ. 'ಹಳ್ಳಿಯಿಂದ ಬಂದ ಮಕ್ಕಳಿಗೆ, ಗಣಿತದ ಭಯ ಹೋಗುವ ಹಾಗೆ, ಎದುರು ಕೂತು ಹೇಳಿಕೊಡುವುದು.' ಕೆಳಗೆ ತಾರೀಖು ಹಾಕಿಸಿ, ಬದಲಾಗಬಹುದಾದ ವಾಕ್ಯ ಎಂಬುದು ಅವರಿಗೆ ಕಾಣಲಿ. ಆ ವಾಕ್ಯವನ್ನು ಪರೀಕ್ಷಿಸಲು ಎರಡು ಪ್ರಯೋಗ. ಒಂದೊಂದಕ್ಕೂ ಎರಡು ವಾರದ ಮಿತಿ, ಆರು ಗಂಟೆಗಿಂತ ಹೆಚ್ಚು ಸಮಯ ಬೇಡ, ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಬೇಡ, ಎದುರಿಗೆ ಒಬ್ಬರಾದರೂ ಮನುಷ್ಯರು ಇರಲೇಬೇಕು. ಈ ಕೊನೆಯ ಷರತ್ತನ್ನು ಸಡಿಲಿಸಿದರೆ ಪ್ರಯೋಗ ಆನ್‌ಲೈನ್ ಕೋರ್ಸ್ ಕೊಳ್ಳುವುದರಲ್ಲಿ ಮುಗಿಯುತ್ತದೆ. ಕೋರ್ಸ್ ಕೊಂಡ ಸಂಜೆ ಸಿಗುವ ಸಮಾಧಾನವನ್ನು ಜನ ಉದ್ದೇಶ ಸಿಕ್ಕಿತೆಂದು ತಿಳಿಯುತ್ತಾರೆ.

ಸಾಫ್ಟ್‌ವೇರ್ ಬಿಟ್ಟು ಊರಿಗೆ ಹೋಗಿ ತೋಟ ಮಾಡುತ್ತೇನೆ ಎನ್ನುವವರು ನಿಮಗೂ ಸಿಕ್ಕೇ ಸಿಗುತ್ತಾರೆ. ಅವರು ಮಲೆನಾಡಿನ ಅಡಿಕೆ ತೋಟವನ್ನು ನೋಡಿರುವುದು ದೀಪಾವಳಿಯ ರಜೆಯಲ್ಲಿ. ಮಳೆಗಾಲದಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ವಾರಾಂತ್ಯಕ್ಕೆ ಕಳಿಸಿ. ಒಂದು ದಿನ ದ್ರಾವಣ ಕಲಸಿ ಪೈಪು ಹಿಡಿಯಲಿ, ಸಂಜೆ ತೋಟದವರ ಜೊತೆ ಕೂತು ಕೂಲಿ, ಔಷಧಿ, ಕಳೆದ ವರ್ಷದ ಮಾರಾಟದ ಲೆಕ್ಕ ಕೇಳಲಿ. ಹೊಸ ಗಿಡ ಫಸಲಿಗೆ ಬರಲು ವರ್ಷಗಳೇ ಬೇಕೆಂಬುದು ಆ ಲೆಕ್ಕದಲ್ಲೇ ಗೊತ್ತಾಗುತ್ತದೆ. ಜಿಗಣೆ ಕಚ್ಚಿಸಿಕೊಂಡು ಬಂದ ಮೇಲೂ ಕಣ್ಣು ಹೊಳೆಯುತ್ತಿದ್ದರೆ ಆ ಆಸೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ಹಾಗೇನೂ ಇಲ್ಲದಿದ್ದರೆ ಬೇಕಾಗಿದ್ದು ತೋಟವಲ್ಲ, ಬೆಂಗಳೂರಿನಿಂದ ಬಿಡುವು. ಅದನ್ನು ಎರಡು ದಿನದಲ್ಲಿ ತಿಳಿದದ್ದು ದೊಡ್ಡ ಲಾಭ.

ಐದನೇ ಸೆಷನ್ ಮನೆ ಮತ್ತು ದುಡ್ಡಿನದು. ತಿಂಗಳ ಖರ್ಚು, ಇಎಂಐ, ಅಪ್ಪ ಅಮ್ಮನ ಔಷಧಿ, ಕನಿಷ್ಠ ಆರು ತಿಂಗಳ ಖರ್ಚಿನಷ್ಟು ಉಳಿತಾಯ ಇದೆಯೇ ಎಂದು ಕಾಗದದ ಮೇಲೆ ಬರೆಯಲಿ. ಇಲ್ಲದಿದ್ದರೆ ರಾಜೀನಾಮೆಯ ಮಾತು ಬೇಡ. ಹೆಂಡತಿಗೋ ಗಂಡನಿಗೋ ಅಪ್ಪನಿಗೋ ವಿಷಯ ಹೇಗೆ ತಿಳಿಸುತ್ತಾರೆಂದು ಹತ್ತು ನಿಮಿಷ ಆಡಿಸಿ ನೋಡಿ, ಅಪ್ಪನ ಮಾತು ನೀವಾಡಿ. ಮನೆಯವರಿಗೆ ಹೇಳದೆ ಮಾಡಿದ ಯೋಜನೆ ಮೊದಲ ಹಬ್ಬದ ಊಟದಲ್ಲೇ ಮುರಿದು ಬೀಳುತ್ತದೆ.

ಆರನೆಯದರಲ್ಲಿ ತೀರ್ಮಾನ: ಮುಂದುವರಿಸುವುದು, ಬದಲಿಸುವುದು, ಅಥವಾ ಬಿಡುವುದು. ಉದ್ದೇಶ ಎಂದರೆ ನೌಕರಿಯೇ ಆಗಬೇಕಿಲ್ಲ, ಎಷ್ಟೋ ಜನರಿಗೆ ವಾರಕ್ಕೆ ಮೂರು ಗಂಟೆ ಸಾಕಾಗುತ್ತದೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಬದುಕಿನ ಅರ್ಥಕ್ಕೆ ಮೂರು ದಾರಿ ಹೇಳಿದರು: ಏನನ್ನಾದರೂ ಮಾಡುವುದು, ಯಾರನ್ನಾದರೂ ಪ್ರೀತಿಸುವುದು ಅಥವಾ ಚೆಲುವನ್ನು ಅನುಭವಿಸುವುದು, ತಪ್ಪಿಸಲಾಗದ ನೋವನ್ನು ಎದುರಿಸುವ ರೀತಿ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿರುವವರು ಬಂದರೆ ಮೇಲಿನ ಯಾವ ಪ್ರಯೋಗವೂ ಬೇಡ. ಆ ಆರೈಕೆಯಲ್ಲೇ ಇರುವ ಅರ್ಥವನ್ನು ಅವರು ಕಾಣುವಂತೆ ಮಾಡಿ, ಜೊತೆಗೆ ವಾರಕ್ಕೊಂದು ಮಧ್ಯಾಹ್ನ ಬೇರೆಯವರು ಬಂದು ನೋಡಿಕೊಳ್ಳುವ ಏರ್ಪಾಡು ಮಾಡಿಸಿ.

'ನೀವೇ ಒಂದು ದಾರಿ ಹೇಳಿ ಮೇಡಂ' ಎಂದು ಕೇಳುವವರು ಬಹಳ, ಜ್ಯೋತಿಷಿಯ ಬಳಿ ಕೇಳುವ ಹಾಗೆ. ಆಗ ಹೀಗೆ ಮಾಡಿ: 'ಈ ಕೆಲಸದಲ್ಲೇ ಇರಿ ಅಂತ ನಾನು ಹೇಳಿದೆ ಅಂದುಕೊಳ್ಳಿ. ಕೇಳಿದ ಕೂಡಲೇ ಒಳಗೆ ಏನಾಯ್ತು?' ನಿರಾಳವೋ ಸಂಕಟವೋ, ಅದು ಅವರದೇ ಉತ್ತರ. ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಿ ನಿಮ್ಮ ಮಾತಿನ ನಿಮಿಷ ಎಣಿಸಿ. ಅರವತ್ತರಲ್ಲಿ ಹದಿನೈದು ದಾಟಿದರೆ ನೀವು ಉಪದೇಶಕ್ಕೆ ಇಳಿದಿದ್ದೀರಿ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಮೊದಲ ಹಂತದ ಪ್ರಮಾಣಪತ್ರವಾದ ಎಸಿಸಿಗೆ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ, 10 ಗಂಟೆ ಮೆಂಟರ್ ಕೋಚಿಂಗ್ ಬೇಕು. ಪ್ರಮಾಣಪತ್ರ ಬೇಕೋ ಬೇಡವೋ ನಿಮಗೆ ಬಿಟ್ಟದ್ದು, ಆದರೆ ಮೆಂಟರ್ ಜೊತೆಗಿನ ಆ ಹತ್ತು ಗಂಟೆಯನ್ನು ತಪ್ಪಿಸಬೇಡಿ. ನಿಮ್ಮ ಸೆಷನ್ನನ್ನು ಅನುಭವಿಯೊಬ್ಬರು ಕೇಳಿ ತಿದ್ದುವುದು ಅಲ್ಲೇ.

ಈಗ ನಿಮ್ಮ ಬಳಿ ಸುತ್ತುತ್ತಿರುವವರಿಗೆ ಮುಂದಿನ ಸೆಷನ್ನಿನವರೆಗೆ ಕಾಯದೆ ಇವತ್ತೇ ದಿನಚರಿಯ ಪುಟ ಕಳಿಸಿ. ಹದಿನಾಲ್ಕು ದಿನ ಬರೆದುಕೊಂಡು ಬರಲಿ, ಎಂಟು ಸಂಗತಿಯಿಂದ ಮತ್ತೆ ಶುರು ಮಾಡಿ.