ಚರ್ಚಿಗೂ ಹೋಗಿ ವಿಕಾಸವನ್ನೂ ಒಪ್ಪಬಹುದೇ?

ಪ್ರಶ್ನೆ: ಮಗಳು ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ವಿಕಾಸವಾದ ಒಪ್ಪಿದರೆ ಭಾನುವಾರದ ಪೂಜೆಗೆ ಹೋಗುವುದು ಬೂಟಾಟಿಕೆ ಆಗುವುದಿಲ್ಲವೇ?

ಉತ್ತರ: ಖಂಡಿತ ಇಲ್ಲ. ತಳಿಶಾಸ್ತ್ರವನ್ನೂ ಡಾರ್ವಿನ್ ವಿಚಾರವನ್ನೂ ಬೆಸೆದ ವಿಜ್ಞಾನಿಗಳಲ್ಲಿ ಡೊಬ್ಜಾನ್ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರು, ಫಿಶರ್ ಆಂಗ್ಲಿಕನ್ ಕ್ರೈಸ್ತರು. ವಿಕಾಸವಾದ ಬರೀ ಊಹೆಯಲ್ಲವೆಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿದ್ದರು.

ಎಡವುವುದು ಬೇರೆ ಕಡೆ: ವಿಜ್ಞಾನ ಇನ್ನೂ ವಿವರಿಸದ ಕಡೆಯೆಲ್ಲ ದೇವರನ್ನು ಕೂರಿಸಿದಾಗ. ಉದಾಹರಣೆಗೆ, ಚಿಂಪಾಂಜಿಯ ಜೀವಕೋಶದಲ್ಲಿ 48 ವರ್ಣತಂತು (ಡಿಎನ್ಎ ಹೊತ್ತ ಎಳೆಗಳು), ನಮ್ಮದರಲ್ಲಿ 46. ಒಂದು ಜೊತೆ ಎಲ್ಲಿ ಹೋಯಿತು? ನಮ್ಮ 2ನೇ ವರ್ಣತಂತುವನ್ನು ನೋಡಿ. ತುದಿಯಲ್ಲಿರಬೇಕಾದ 'ಟಿಟಿಎಜಿಜಿಜಿ' ಎಂಬ ಡಿಎನ್ಎ ಅಕ್ಷರಗಳ ಸರಣಿ ಅದರ ನಡುವೆ ಎದುರುಬದುರಾಗಿ ಕೂತಿದೆ. ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಎಳೆಯಲು ಹಿಡಿಯಾಗುವ ಭಾಗ ಸೆಂಟ್ರೊಮಿಯರ್; ಕೆಲಸ ನಿಲ್ಲಿಸಿದ ಎರಡನೇ ಸೆಂಟ್ರೊಮಿಯರ್‌ನ ಗುರುತೂ ಇದೆ. ಅಂದರೆ ಪೂರ್ವಜರ ಎರಡು ವರ್ಣತಂತುಗಳು ತುದಿಗೆ ತುದಿ ಸೇರಿ ಒಂದಾಗಿವೆ. ಹೀಗೆ ವಿವರಣೆ ಸಿಕ್ಕರೆ ಅಲ್ಲಿ ಕೂರಿಸಿದ ದೇವರಿಗೆ ಜಾಗವೇ ಉಳಿಯುವುದಿಲ್ಲ. ಶಾಲೆಯಲ್ಲಿ ವಿಕಾಸವಾದದ ಪಾಠದ ಕುರಿತು ಅಮೆರಿಕದಲ್ಲಿ ನಡೆದ ಡೋವರ್ ಮೊಕದ್ದಮೆಯಲ್ಲಿ (2005) ಈ ಪುರಾವೆಯನ್ನು ನ್ಯಾಯಾಲಯಕ್ಕೆ ವಿವರಿಸಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕರು.

ನಿಮ್ಮ ಮಗಳು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದಾದ ಕಾರಣಗಳನ್ನಷ್ಟೇ ಹುಡುಕಲಿ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನು ಭೂವಿಜ್ಞಾನದ ಪಠ್ಯವಾಗಿ ಓದದಿರಲಿ. ಸೃಷ್ಟಿಯ 6 ದಿನಗಳನ್ನು ನಮ್ಮ ದಿನಗಳಂತೆ ಎಣಿಸಲು ಸಂತ ಅಗಸ್ಟೀನರೇ ಹಿಂಜರಿದಿದ್ದರು. ನಿಜಕ್ಕೂ ಕಠಿಣವಾದದ್ದು ಕೋಟ್ಯಂತರ ವರ್ಷಗಳ ಜೀವಿಗಳ ನೋವು, ಅಳಿವು. ಅದನ್ನು ಧರ್ಮಗುರುಗಳ ಜೊತೆ ಮುಚ್ಚುಮರೆಯಿಲ್ಲದೆ ಚರ್ಚಿಸಲಿ.