ರಾತ್ರಿ ಹನ್ನೊಂದೂವರೆಗೆ ಮಲಗುವ ಮಗು

ದಾವಣಗೆರೆಯ ಓದುಗರೊಬ್ಬರ ಪತ್ರ: “ಮಗಳಿಗೆ 10 ತಿಂಗಳು. ರಾತ್ರಿ ಹನ್ನೊಂದೂವರೆ ಆಗದೆ ಮಲಗಲ್ಲ, ಬೆಳಿಗ್ಗೆ ಒಂಬತ್ತೂವರೆಗೆ ಏಳುತ್ತಾಳೆ. ಮಧ್ಯಾಹ್ನ ಎರಡು ಗಂಟೆ, ಮತ್ತೆ ಸಂಜೆ ಆರೂವರೆಯಿಂದ ಏಳೂವರೆ ನಿದ್ದೆ. ಸೀರೆಯ ಜೋಲಿಯಲ್ಲಿ ತೂಗಲೇಬೇಕು. ರಾತ್ರಿ ಮೂರ್ನಾಲ್ಕು ಸಲ ಎದ್ದು ಅಳುತ್ತಾಳೆ. ಅಮೆರಿಕದಲ್ಲಿರುವ ನಾದಿನಿ ‘ಏಳಕ್ಕೇ ಮಲಗಿಸಿ, ಅತ್ತರೆ ಬಿಟ್ಟುಬಿಡಿ’ ಅನ್ನುತ್ತಾಳೆ. ಅತ್ತೆ ‘ಮಕ್ಕಳು ಬೇಕಾದಾಗ ಮಲಗ್ತವೆ, ಸುಮ್ನಿರು’ ಅನ್ನುತ್ತಾರೆ. ನಮ್ಮೆಜಮಾನರು ಅಂಗಡಿ ಮುಚ್ಚಿ ಬರೋದೇ ಒಂಬತ್ತಕ್ಕೆ. ಏನು ಮಾಡಲಿ?”

ಸಂಪಾದಕರ ಉತ್ತರ:

ಮೊದಲು ಲೆಕ್ಕ ಹಾಕೋಣ. ರಾತ್ರಿ 10 ಗಂಟೆ, ಮಧ್ಯಾಹ್ನ 2, ಸಂಜೆ 1. ಒಟ್ಟು 13. ನಾಲ್ಕರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಡುವೆ ಎದ್ದು ಅತ್ತ ಹೊತ್ತನ್ನು ಕಳೆದರೂ ನಿಮ್ಮ ಮಗಳ ಲೆಕ್ಕ ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. ನಿದ್ದೆಗೆಟ್ಟಿರುವುದು ನೀವು. ‘ಲೇಟಾಗಿ ಮಲಗಿದರೆ ಮಗು ಬೆಳೆಯಲ್ಲ’ ಅಂತ ಹೆದರಿಸುವವರು ಜಾಸ್ತಿ ಇರುವುದರಿಂದ ಇದನ್ನು ಮೊದಲೇ ಹೇಳಿದೆ.

ಈಗ ಸಂಜೆಯ ಆ ಒಂದು ಗಂಟೆ ನೋಡಿ. ಈ ವಯಸ್ಸಿನ ಮಗು ಒಮ್ಮೆ ಎದ್ದರೆ ಮೂರರಿಂದ ನಾಲ್ಕು ಗಂಟೆ ಎಚ್ಚರವಿರುತ್ತದೆ. ಏಳೂವರೆಗೆ ಎದ್ದವಳಿಗೆ ಹನ್ನೊಂದೂವರೆಗೆ ನಿದ್ದೆ ಬರುವುದು ಸಹಜ ಅಲ್ವಾ? ಒಂಬತ್ತಕ್ಕೇ ಜೋಲಿಗೆ ಹಾಕಿ ತೂಗಿದರೆ ನಿಮ್ಮ ಕೈ ನೋಯುತ್ತದೆ ಅಷ್ಟೇ.

ಅದಕ್ಕೇ ಬೆಳಿಗ್ಗೆಯಿಂದ ಶುರು ಮಾಡಿ. ಎರಡು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಎಬ್ಬಿಸುತ್ತಾ ಏಳೂವರೆಗೆ ತಂದು ನಿಲ್ಲಿಸಿ. ಎದ್ದ ಕೂಡಲೇ ಎತ್ತಿಕೊಂಡು ಅಂಗಳಕ್ಕೆ ಹೋಗಿ, ಬೆಳಕು ಕಾಣಲಿ. ಮೈಯೊಳಗಿನ ಗಡಿಯಾರ ಬೆಳಗಿನ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನ್ ಏರಿ ನಿದ್ದೆ ತರಬೇಕು. ಟ್ಯೂಬ್‌ಲೈಟು, ಟಿವಿ, ಮೊಬೈಲಿನ ಬೆಳಕು ಅದನ್ನು ತಡೆಯುತ್ತದೆ. ಹಗಲು ನಿದ್ದೆ ಎರಡೇ ಸಾಕು, ಹನ್ನೊಂದರ ಹೊತ್ತಿಗೆ ಒಂದು, ಮೂರೂವರೆಗೆ ಇನ್ನೊಂದು. ಐದಕ್ಕೆ ಎಬ್ಬಿಸಿಬಿಡಿ. ದೀಪ ಹಚ್ಚುವ ಹೊತ್ತಲ್ಲಿ ಮಲಗಬಾರದು ಅಂತ ಹಿರಿಯರು ಹೇಳುತ್ತಾರಲ್ಲ, ಅದನ್ನೇ ಮುಂದಿಡಿ. ಅತ್ತೆ ಬೇಡ ಅನ್ನಲಾರರು.

ಆಗ ಒಂಬತ್ತರ ಸುಮಾರಿಗೆ ಕಣ್ಣುಜ್ಜಲು ಶುರು ಮಾಡುತ್ತಾಳೆ. ಕಿವಿ ಎಳೆದುಕೊಳ್ಳುತ್ತಾಳೆ, ನಿಮ್ಮ ಹೆಗಲಿಗೆ ಮುಖ ತಿಕ್ಕುತ್ತಾಳೆ. ಸರಿಯಾಗಿ ಆಗಲೇ ಗೇಟು ಸದ್ದಾಗುತ್ತದೆ. ಅಪ್ಪ ಬಂದು ಎರಡು ಸಲ ಮೇಲೆ ಹಾರಿಸಿ ಹಿಡಿದರೆ ಮುಗಿಯಿತು, ಹತ್ತೂವರೆವರೆಗೂ ನಿದ್ದೆಯ ಸುದ್ದಿಯೇ ಇಲ್ಲ. ಇಡೀ ದಿನ ಮಗುವಿನ ಮುಖ ನೋಡದವರಿಗೆ ಆಡಿಸಬೇಡಿ ಅನ್ನುವುದು ಕಷ್ಟ, ಒಪ್ಪುತ್ತೇನೆ. ಆಟವನ್ನು ಅಂಗಡಿಗೆ ಹೋಗುವ ಮುಂಚಿನ ಹೊತ್ತಿಗೆ ಇಟ್ಟುಕೊಳ್ಳಲಿ. ರಾತ್ರಿ ಕೈಕಾಲು ತೊಳೆದು ಬಂದು ಮಲಗಿಸುವ ಕೆಲಸವೇ ಅವರದಾಗಲಿ. ಅದೇನು ತಾಯಿಯೊಬ್ಬಳ ಪಾಲಿನ ಕೆಲಸವೇ?

ದಿನವೂ ಒಂದೇ ಕ್ರಮ ಇರಲಿ. ಎಂಟಕ್ಕೆ ಮೆತ್ತಗೆ ಕಿವುಚಿದ ಅನ್ನ-ಬೇಳೆ, ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸುವುದು, ಡೈಪರ್, ಹಾಲು, ದೀಪ ಸಣ್ಣದು, ಅದೇ ಜೋಗುಳ. ಹಾಲಿನ ಬಾಟಲಿ ಬಾಯಲ್ಲೇ ಇಟ್ಟು ಮಲಗಿಸಬೇಡಿ, ಹುಟ್ಟುವ ಹಲ್ಲು ಹುಳುಕಾಗಬಹುದು. ಅತ್ತೆಯ ಧಾರಾವಾಹಿ ಹಾಲ್‌ನಲ್ಲಿ ನಡೆಯಲಿ, ನೀವು ರೂಮಿನ ಬಾಗಿಲು ಮುಚ್ಚಿಕೊಳ್ಳಿ.

ಜೋಲಿಯ ವಿಷಯ ಸ್ವಲ್ಪ ಗಂಭೀರ. ಮಕ್ಕಳ ನಿದ್ದೆ ಸುಮಾರು ಗಂಟೆಗೊಮ್ಮೆ ತೆಳುವಾಗುತ್ತದೆ. ತೂಗಾಟದಲ್ಲಿ ಕಣ್ಣು ಮುಚ್ಚಿದವಳು ನಡುರಾತ್ರಿ ಅರೆ ಎಚ್ಚರವಾದಾಗ ತೂಗಾಟ ಇಲ್ಲದಿದ್ದರೆ ಅದಕ್ಕಾಗಿ ಅಳುತ್ತಾಳೆ. ಹಸಿವು ಅಂದುಕೊಂಡು ನೀವು ಹಾಲು ಕೊಡುತ್ತೀರಿ. ಇನ್ನೊಂದು ಭಯವೂ ಇದೆ. ಎದ್ದು ಕೂರುವ, ಹಿಡಿದು ನಿಲ್ಲುವ ಮಗು ಜೋಲಿಯಿಂದ ಬೀಳಬಹುದು, ಸೀರೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಹಗಲಲ್ಲೂ ಅದನ್ನು ಬಿಟ್ಟುಬಿಡಿ. ನೆಲದ ಮೇಲೆ ಗಟ್ಟಿ ಹಾಸಿಗೆ, ಸೊಳ್ಳೆಪರದೆ ಸಾಕು. ಸಾಸಿವೆ ದಿಂಬೂ ಬೇಡ, ಒಂದು ವರ್ಷ ತುಂಬುವವರೆಗೆ ಯಾವ ದಿಂಬೂ ಬೇಡ. ಮಂಪರು ಬಂದಾಗಲೇ ಹಾಸಿಗೆಗೆ ಹಾಕಿ ಬೆನ್ನು ತಟ್ಟಿ. ಮೊದಲ ಕೆಲವು ರಾತ್ರಿ ರಂಪ ಮಾಡುತ್ತಾಳೆ.

ನಾದಿನಿಯ ಮಾತನ್ನು ತೆಗೆದುಹಾಕಲಾರೆ. ಅಳುವ ಮಗುವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಸಮಾಧಾನ ಮಾಡುವುದು, ಇಲ್ಲವೇ ಪಕ್ಕದಲ್ಲೇ ಕೂತು ಮಲಗಿಸಿ ದಿನದಿಂದ ದಿನಕ್ಕೆ ದೂರ ಸರಿಯುವುದು, ಈ ಎರಡು ವಿಧಾನಗಳನ್ನು ಆಸ್ಟ್ರೇಲಿಯಾದಲ್ಲಿ ನಿದ್ದೆಯ ತೊಂದರೆ ಇದ್ದ ಶಿಶುಗಳ ತಾಯಂದಿರಿಗೆ ಕಲಿಸಿದ್ದರು. ಆ ಮಕ್ಕಳಿಗೆ ಆರು ವರ್ಷವಾದಾಗ ಮತ್ತೆ ನೋಡಿ 2012ರಲ್ಲಿ ವರದಿ ಮಾಡಿದರು. ಹಾನಿ ಏನೂ ಕಾಣಲಿಲ್ಲ. ದೊಡ್ಡ ಲಾಭವೂ ಉಳಿದಿರಲಿಲ್ಲ. ಒಂದೇ ಗೋಡೆಯ ಆಚೆ ಮಾವ ಮಲಗಿರುವ ಮನೆಯಲ್ಲಿ ಅಳಲು ಬಿಡುವುದು ನಡೆಯುವ ಮಾತಲ್ಲ, ಪಕ್ಕದಲ್ಲಿ ಕೂರುವುದೇ ನಿಮಗೆ ಸರಿ. ಇನ್ನು ಏಳು ಗಂಟೆ? ಅಪ್ಪ ಆರಕ್ಕೆ ಮನೆಗೆ ಬರುವ ಊರಿನ ಲೆಕ್ಕ ಅದು. ನಿಮ್ಮ ಮನೆಗೆ ಒಂಬತ್ತು, ಒಂಬತ್ತೂಕಾಲು ಒಳ್ಳೆಯ ಹೊತ್ತು.

ನಿದ್ದೆಗೆಂದು ಶೀತದ ಸಿರಪ್ ಹಾಕುವವರಿದ್ದಾರೆ, ಅದು ಅಪಾಯ. ಗೊರಕೆ, ಉಸಿರು ನಿಂತು ನಿಂತು ಬರುವುದು, ತೂಕ ಏರದಿರುವುದು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಮದುವೆ, ಜಾತ್ರೆ ಅಂತ ಒಂದು ರಾತ್ರಿ ಹನ್ನೆರಡಾದರೆ ತಲೆ ಕೆಡಿಸಿಕೊಳ್ಳಬೇಡಿ. ಮರುದಿನ ಏಳೂವರೆಗೇ ಎಬ್ಬಿಸಿ, ಮಧ್ಯಾಹ್ನ ಅರ್ಧ ಗಂಟೆ ಜಾಸ್ತಿ ಮಲಗಿದರೆ ಮಲಗಲಿ.