ಬೋರ್ಡಿನಲ್ಲಿ ‘ನಾನ್ ಡಿನಾಮಿನೇಷನಲ್’ ಎಂದಿದ್ದರೆ ಆ ಚರ್ಚ್ ಯಾರ ಕೈಯಲ್ಲಿರುತ್ತದೆ?

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ನಿಮ್ಮದು ತಲೆಮಾರುಗಳಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಮಗಳು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬಾಡಿಗೆ ಹಾಲ್‌ನಲ್ಲಿ ನಡೆಯುವ ‘ನಾನ್ ಡಿನಾಮಿನೇಷನಲ್’ ಸಭೆಯೊಂದಕ್ಕೆ ಹೋಗುತ್ತಿದ್ದಾಳೆ, ಮದುವೆಯೂ ಅಲ್ಲೇ ಆಗಬೇಕೆನ್ನುತ್ತಾಳೆ. ಹಾಗಂದರೇನು, ತೊಂದರೆ ಏನಾದರೂ ಇದೆಯಾ?

ಗಿಟಾರ್, ಡ್ರಮ್ಸ್, ಜೀನ್ಸ್ ಹಾಕಿದ ಪಾಸ್ಟರ್, ಇವನ್ನು ನೋಡಿ ತೀರ್ಮಾನಿಸಬೇಡಿ. ಮೂರು ಪ್ರಶ್ನೆ ಕೇಳಿ. ಪಾಸ್ಟರನ್ನು ನೇಮಿಸುವವರು, ಬೇಕಾದರೆ ತೆಗೆಯುವವರು ಯಾರು? ಆಸ್ತಿ ಯಾರ ಹೆಸರಿನಲ್ಲಿದೆ? ‘ನಾವು ನಂಬುವುದು ಇದನ್ನು’ ಎಂಬ ವಿಶ್ವಾಸದ ಹೇಳಿಕೆ ಬರೆದವರು ಯಾರು? ಮೂರಕ್ಕೂ ಉತ್ತರ ಆ ಸಭೆಯೊಳಗೇ ಮುಗಿದರೆ, ಅದು ಯಾವ ಪಂಗಡಕ್ಕೂ ಸೇರದ, ಅಂದರೆ ‘ನಾನ್ ಡಿನಾಮಿನೇಷನಲ್’ ಸಭೆ.

ನಿಮ್ಮ ಸಿಎಸ್‌ಐನಲ್ಲಿ ಸಭಾಪಾಲಕರನ್ನು ಕಳಿಸುವುದು, ವರ್ಗ ಮಾಡುವುದು ಬಿಷಪ್ ಮತ್ತು ಡಯಾಸಿಸ್ (ಬಿಷಪ್ ಆಡಳಿತಕ್ಕೆ ಸೇರಿದ ಪ್ರಾಂತ). ಆಸ್ತಿ ಇರುವುದು ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿ. ಆರಾಧನೆಯ ಕ್ರಮ ಸಿನೊಡ್, ಅಂದರೆ ಸಿಎಸ್‌ಐನ ಮೇಲಿನ ಆಡಳಿತ ಮಂಡಳಿ, ಒಪ್ಪಿದ್ದು. ಕ್ಯಾಥೊಲಿಕರ ಸಂತ ಫಿಲೋಮಿನಾ ಚರ್ಚಿನ ಗುರುಗಳನ್ನು ನೇಮಿಸುವವರು ಮೈಸೂರಿನ ಧರ್ಮಾಧ್ಯಕ್ಷರು (ಬಿಷಪ್), ಅವರನ್ನು ನೇಮಿಸುವವರು ಪೋಪ್. ಚಪ್ಪಾಳೆ ತಟ್ಟಿ ಹಾಡುವ ಸಭೆಗಳೆಲ್ಲ ಸ್ವತಂತ್ರವಾದವೆಂದೂ ತಿಳಿಯಬೇಡಿ. 1914ರಲ್ಲಿ ಅಮೆರಿಕದಲ್ಲಿ ಶುರುವಾದ ಅಸೆಂಬ್ಲೀಸ್ ಆಫ್ ಗಾಡ್‌ಗೆ ತನ್ನದೇ ಆಡಳಿತ, ತನ್ನದೇ ಪಾಸ್ಟರ್ ಪಟ್ಟಿ ಇದೆ. ಅದೂ ಪಂಗಡವೇ.

ಪಂಗಡವೇ ಬೇಡವೆಂದು ಹೊರಟವರು ಪಂಗಡವಾಗಿಯೇ ನಿಂತದ್ದು ಹೊಸತೇನಲ್ಲ. ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಸಭೆಗಳು ಭೇದ ಬಿಟ್ಟು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾದದ್ದೇ ಸಿಎಸ್‌ಐ. ಅಲ್ಲಿಂದಲೇ ‘ಪಂಗಡ ಬೇಡ’ ಎಂದು ಮಗಳು ಹೊರಟಿದ್ದಾಳೆ.

ಆ ಬೋರ್ಡು ಆಡಳಿತದ ಸುದ್ದಿ ಹೇಳುತ್ತದೆ, ಬೋಧನೆಯ ಸುದ್ದಿ ಹೇಳುವುದಿಲ್ಲ. ಇಂಥ ಬಹುಪಾಲು ಸಭೆಗಳ ಬೋಧನೆ ಬ್ಯಾಪ್ಟಿಸ್ಟರದು ಇಲ್ಲವೇ ಪೆಂಟೆಕೋಸ್ಟಲರದು. ಹಾಗಾಗಿ ಜಗಳ ಮೊದಲು ಹುಟ್ಟುವುದು ದೀಕ್ಷಾಸ್ನಾನದ (ಬ್ಯಾಪ್ಟಿಸಂ) ವಿಷಯಕ್ಕೆ. ಮಗುವಾಗಿದ್ದಾಗ ನೀವು ಕೊಡಿಸಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯದೆ, ಸ್ವಂತ ನಂಬಿಕೆಯಿಂದ ನೀರಿನಲ್ಲಿ ಮುಳುಗಿ ತೆಗೆದುಕೊಳ್ಳಬೇಕು ಅನ್ನುತ್ತಾರೆ. ಸಿಎಸ್‌ಐ ಎರಡನೇ ಸಲದ ದೀಕ್ಷಾಸ್ನಾನವನ್ನು ಒಪ್ಪುವುದಿಲ್ಲ. ಮಗಳ ಸಭೆಯ ಸದಸ್ಯತ್ವಕ್ಕೆ ಮರು ದೀಕ್ಷಾಸ್ನಾನ ಕಡ್ಡಾಯವೇ, ಅನ್ಯಭಾಷೆಯಲ್ಲಿ (ಪವಿತ್ರಾತ್ಮನ ಪ್ರೇರಣೆಯಿಂದ ಬರುತ್ತದೆನ್ನುವ, ಕಲಿಯದ ಭಾಷೆಯಲ್ಲಿ) ಮಾತಾಡಲೇಬೇಕು ಎನ್ನುತ್ತಾರೆಯೇ, ರೋಗಕ್ಕೆ ಔಷಧಿ ಬೇಡವೆನ್ನುತ್ತಾರೆಯೇ, ದಶಮಾಂಶಕ್ಕೆ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆಗೆ) ರಸೀದಿ ಕೊಡುತ್ತಾರೆಯೇ ಎಂದು ಈಗಲೇ ಕೇಳಿಸಿ.

ಕಾಗದಪತ್ರ ನೋಡುವುದು ಇನ್ನೂ ಮುಖ್ಯ. ಸ್ವತಂತ್ರ ಸಭೆ ಸಾಮಾನ್ಯವಾಗಿ ಟ್ರಸ್ಟ್ ಆಗಿರುತ್ತದೆ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿರುತ್ತದೆ. ಸಂಘಕ್ಕೆ ಕನಿಷ್ಠ 7 ಜನ ಬೇಕು, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಟ್ರಸ್ಟ್ ಆದರೆ ಡೀಡ್ ತೋರಿಸಲು ಕೇಳಿ. ಪಾಸ್ಟರೇ ಆಜೀವ ಮ್ಯಾನೇಜಿಂಗ್ ಟ್ರಸ್ಟಿ, ಹೆಂಡತಿ ಮತ್ತು ಮಗ ಉಳಿದ ಟ್ರಸ್ಟಿಗಳು ಎಂದಿದ್ದರೆ, ಸಭೆಯ ಹಿರಿಯರು ಹೆಸರಿಗಷ್ಟೇ. ಸೈಟು ಕೊಳ್ಳಲು ಕಾಣಿಕೆ ಎತ್ತುತ್ತಿದ್ದರೆ ಕ್ರಯಪತ್ರ ಯಾರ ಹೆಸರಿಗೆ ಆಗುತ್ತದೆಂದು ಮೊದಲೇ ಕೇಳಬೇಕು. ಪಾಸ್ಟರ್ ಸ್ವಂತ ಹೆಸರಿನಲ್ಲಿದ್ದರೆ ಅವರ ನಂತರ ವಾರಸುದಾರರು ಬಂದು ಕೇಳುತ್ತಾರೆ. ಸಿಎಸ್‌ಐನಲ್ಲಿ ಕೋರ್ಟು ಕೇಸುಗಳಿಗೇನೂ ಬರವಿಲ್ಲ, ಒಪ್ಪುತ್ತೇನೆ. ಆದರೂ ಪಾಸ್ಟರ್ ತಪ್ಪಿದರೆ ದೂರು ಹೇಳಲು ಮೇಲೊಬ್ಬರಿದ್ದಾರೆ. ಇಲ್ಲಿ ಪಾಸ್ಟರ್ ಮೇಲೆ ಯಾರೂ ಇಲ್ಲದಿರಬಹುದು.

ಇನ್ನು ಮದುವೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬಿಷಪ್‌ರಿಂದ ಗುರುದೀಕ್ಷೆ ಪಡೆದವರು ಮದುವೆ ಮಾಡಿಸಬಹುದು. ಸ್ವತಂತ್ರ ಸಭೆಯ ಪಾಸ್ಟರ್‌ಗೆ ಸರ್ಕಾರದ ಲೈಸೆನ್ಸ್ ಬೇಕೇ ಬೇಕು. ಬೈಬಲ್ ಕಾಲೇಜಿನ ಸರ್ಟಿಫಿಕೇಟ್, ಸಭಾಪಾಲಕರಾಗಿ ಅಭಿಷೇಕವಾದ ಪತ್ರ, ಟ್ರಸ್ಟ್ ನೋಂದಣಿ, ಯಾವುದೂ ಅದಕ್ಕೆ ಬದಲಿಯಾಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಅಧಿಕಾರವಿಲ್ಲದೆ ಮದುವೆ ಮಾಡಿಸಿದವರಿಗೆ 10 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಮದುವೆಯ ಹೊತ್ತೂ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗಿರಬೇಕು. ಆಮೇಲಿನ ಹೊತ್ತಿಗೆ ಇರುವ ವಿನಾಯಿತಿ ಸ್ವತಂತ್ರ ಪಾಸ್ಟರ್‌ಗೆ ಸಿಗುವುದಿಲ್ಲ. ಲೈಸೆನ್ಸ್ ಪ್ರತಿ ಕೈಗೆ ಬರುವವರೆಗೆ ಛತ್ರಕ್ಕೆ ಅಡ್ವಾನ್ಸ್ ಕೊಡಬೇಡಿ. ಲೈಸೆನ್ಸ್ ಇಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನ ಮೊದಲು ನೋಟಿಸ್ ಕೊಟ್ಟು ರಿಜಿಸ್ಟರ್ ಮದುವೆ ಮಾಡಿಸಿ, ಆ ಪಾಸ್ಟರ್ ಬಳಿ ಪ್ರಾರ್ಥನೆ ಮಾತ್ರ ಇಟ್ಟುಕೊಳ್ಳಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಸ್ಮಶಾನದ್ದು. ಸ್ವಂತ ಸ್ಮಶಾನವಿರುವ ಸ್ವತಂತ್ರ ಸಭೆಗಳು ಕಡಿಮೆ. ಹಳೆಯ ಸಭೆಗಳ ಸ್ಮಶಾನದಲ್ಲಿ ಜಾಗ ಸಿಗುವುದು ಸಾಮಾನ್ಯವಾಗಿ ಸದಸ್ಯತ್ವ ನೋಡಿ. ನಿಮ್ಮ ಸಭೆಯ ರಿಜಿಸ್ಟರ್‌ನಿಂದ ಮಗಳ ಹೆಸರು ತೆಗೆಸಲು ಆತುರಪಡಬೇಡಿ. ಇಟ್ಟುಕೊಂಡೇ ಅಲ್ಲಿಗೆ ಹೋಗಲು ಅಡ್ಡಿ ಇದೆಯೇ ಎಂದು ನಿಮ್ಮ ಸಭಾಪಾಲಕರನ್ನೇ ಕೇಳಿ, ದೀಕ್ಷಾಸ್ನಾನದ ಸರ್ಟಿಫಿಕೇಟಿನ ಪ್ರತಿಯನ್ನೂ ಈಗಲೇ ತೆಗೆದಿಟ್ಟುಕೊಳ್ಳಿ.